ತಾನಾಗಿ ತಿದ್ದುವ ಯಂತ್ರ

ಫ್ರೇಮಿನ ಹಿಂಬದಿಯ ರಟ್ಟನ್ನು ಹಿಡಿದಿಟ್ಟಿದ್ದ ಸಣ್ಣ ಮೊಳೆಗಳನ್ನು ಒಂದೊಂದಾಗಿ ಕಿತ್ತು ಬಟ್ಟಲಿಗೆ ಹಾಕಿದೆ. ಒಟ್ಟು ಹನ್ನೊಂದು. ಹನ್ನೆರಡನೆಯದು ಇರಬೇಕಾದ ಜಾಗದಲ್ಲಿ ತುಕ್ಕಿನ ಕಲೆಯಷ್ಟೇ ಉಳಿದಿತ್ತು. ರಟ್ಟನ್ನು ಮೇಲೆತ್ತಿದಾಗ ಮೊದಲು ಬಂದದ್ದು ವಾಸನೆ: ಹಳೆಯ ಗೋಂದಿನದು, ಮುಗ್ಗಿದ ಕಾಗದದ್ದು, ಅದರ ಅಡಿಯಲ್ಲೆಲ್ಲೋ ಊದಿನಕಡ್ಡಿಯದು. ಅವ್ವನ ಈ ಫೋಟೋದ ಮುಂದೆ ನಲವತ್ತು ವರ್ಷ ಊದಿನಕಡ್ಡಿ ಉರಿದಿದೆ. ಆ ವಾಸನೆ ಮೂಗಿಗೆ ತಾಕಿದ ಕೂಡಲೇ ನಾನು ರಟ್ಟನ್ನು ಮೊದಲಿದ್ದಂತೆ ಮುಚ್ಚಿ, ಕೈ ತೊಳೆದುಕೊಂಡು, ಚಹಾ ಮಾಡಲು ಒಳಗೆ ಹೋದೆ. ಐವತ್ತನ್ನು ದಾಟಿದವರು ಕೆಲಸವನ್ನು ಮುಂದೂಡುವುದಕ್ಕೆ ಚಹಾಕ್ಕಿಂತ ಮರ್ಯಾದೆಯ ಕಾರಣ ಇನ್ನೊಂದನ್ನು ನಾನು ಕಂಡಿಲ್ಲ.

ಕೆಲಸವೇನೋ ಸಣ್ಣದು. ಮನೆಯಲ್ಲಿರುವ ಹಳೆಯ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಸೇರಿಸಿಡುವುದು. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಲೆ ಗಂಟಲು ಕೈಕೊಟ್ಟಿತು. ಅವಧಿಗೆ ಮೊದಲೇ ನಿವೃತ್ತಿ ಪಡೆದು ಸಿಂಧನೂರಿನ ಈ ಮನೆಯಲ್ಲಿ ಕುಳಿತಿದ್ದೇನೆ. ತಿದ್ದುವುದಕ್ಕೆ ಮಕ್ಕಳ ನೋಟುಪುಸ್ತಕಗಳಿಲ್ಲದ್ದರಿಂದ ಕೆಲಕಾಲ ಲಗ್ನಪತ್ರಿಕೆಗಳನ್ನು ತಿದ್ದಿದೆ, ಔಷಧದ ಅಂಗಡಿಯ ಫಲಕವನ್ನು ತಿದ್ದಿಸಿದೆ. ಅಂಗಡಿಯವನು ಈಗ ನನ್ನನ್ನು ಕಂಡರೆ ಮಾತ್ರೆ ಎಣಿಸುವುದರಲ್ಲಿ ಮುಳುಗಿಬಿಡುತ್ತಾನೆ. ಕೊನೆಗೆ ಫೋಟೋಗಳ ಪಾಳಿ ಬಂತು. ಒಂದು ನೋಟುಪುಸ್ತಕದಲ್ಲಿ ಗೆರೆ ಎಳೆದು ಕ್ರಮಸಂಖ್ಯೆ, ಅಂದಾಜು ವರ್ಷ, ಊರು, ಚಿತ್ರದಲ್ಲಿರುವವರು, ಷರಾ ಎಂದು ಐದು ಅಂಕಣಗಳನ್ನು ಮಾಡಿಕೊಂಡೆ. ಸ್ಕ್ಯಾನರ್ ಮಾತ್ರ ಇನ್ನೂ ಬಂದಿರಲಿಲ್ಲ.

ಈ ಸುದ್ದಿ ಮಸ್ಕಿಯಲ್ಲಿರುವ ನನ್ನ ತಂಗಿ ನೀಲಾಳಿಗೆ ಹೇಗೋ ತಲುಪಿತು. ನೀಲಾ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಅಂಗಡಿ ಇಟ್ಟುಕೊಂಡಿದ್ದಾಳೆ. ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ ನಿಂತೇ ಇರುತ್ತಾಳೆ. ಫೋನಿನಲ್ಲಿ ಮಾತನಾಡುವಾಗಲೂ ಹಿಂದಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿರುತ್ತದೆ.

"ಫೋಟೋಕ್ಕೂ ಹಾಜರಿ ತಗೊಳ್ಳಾಕತ್ತೀಯಂತ, ಖರೇ ಏನು?" ಎಂದಳು.

"ಕ್ರಮ ಇರಬೇಕಲ್ಲ."

"ಇರಲಿ. ಬಾಕಿದ್ದೆಲ್ಲ ಹಿಂದಾಗಡೆ ಮಾಡು. ಅವ್ವಂದು ಮೊದಲು ಮಾಡು ಅಕ್ಕ. ಹೊಸ ಮನಿ ಪಡಸಾಲ್ಯಾಗ ಹಾಕಾಕ ದೊಡ್ಡದು ಮಾಡಸ್ತೀನಿ. ಬಾಗಲದಾಗ ಕಾಲಿಟ್ರ ಅವ್ವ ನನ್ನ ನೋಡಬೇಕು, ಅಷ್ಟು ದೊಡ್ಡದು."

"ಅಷ್ಟು ದೊಡ್ಡದು ಮಾಡಿದ್ರ ಚೊಲೊ ಕಾಣಸಂಗಿಲ್ಲ."

"ನೀ ಮೊದಲು ಮಾಡು. ತಪ್ಪು ಹಿಡಿಯೂದು ಆಮ್ಯಾಲ."

ಹೀಗಾಗಿ ಚಹಾ ಮುಗಿದ ಮೇಲೆ ಮೊಳೆಯ ಬಟ್ಟಲಿನ ಮುಂದೆ ಮತ್ತೆ ಕೂರಲೇಬೇಕಾಯಿತು.

ಸ್ಕ್ಯಾನರ್ ಆರಿಸುವುದು ಸುಲಭವೆಂದು ನೀವು ತಿಳಿದಿದ್ದರೆ ನನ್ನ ಪಾಡನ್ನು ಸ್ವಲ್ಪ ಕೇಳಿ. ಮೊದಲು ಮೊಬೈಲಿನಲ್ಲೇ ಫೋಟೋದ ಫೋಟೋ ತೆಗೆದು ನೋಡಿದೆ. ಹೊಳಪಿನ ಕಾಗದದ ಮೇಲೆ ಟ್ಯೂಬ್‌ಲೈಟ್ ಮಲಗಿತು, ಮೂಲೆಗಳು ಬಾಗಿದವು, ನಮ್ಮ ಸೋದರತ್ತೆಯ ಮುಖದ ಮೇಲೆ ನನ್ನ ಹೆಬ್ಬೆರಳಿನ ನೆರಳು ಬಿತ್ತು. ಆಮೇಲೆ ಝೆರಾಕ್ಸ್ ಅಂಗಡಿಯಲ್ಲಿರುವ, ಕಾಗದವನ್ನು ಉರುಳೆಗಳ ನಡುವೆ ಎಳೆದುಕೊಳ್ಳುವ ಯಂತ್ರವನ್ನು ನೋಡಿಬಂದೆ. ಅಂಕಪಟ್ಟಿಗಳಿಗೆ ಅದು ಸರಿ. ದಪ್ಪ ರಟ್ಟಿಗೆ ಅಂಟಿಸಿದ ಹಳೆಯ ಫೋಟೋವನ್ನು ಅದರ ಬಾಯಿಗೆ ಕೊಟ್ಟರೆ ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಬೆನ್ನು ಮುರಿದುಕೊಂಡು ಹೊರಬರುತ್ತದೆ. ಉಳಿದದ್ದು ಚಪ್ಪಟೆಯಾಗಿ ಗಾಜಿರುವ ಬಗೆ. ಫೋಟೋವನ್ನು ಗಾಜಿನ ಮೇಲೆ ಬೋರಲಾಗಿ ಮಲಗಿಸಿ ಮುಚ್ಚಳ ಹಾಕಿದರೆ ಕೆಳಗಿನಿಂದ ಬೆಳಕಿನ ಪಟ್ಟಿಯೊಂದು ಮೆಲ್ಲಗೆ ಹರಿದುಹೋಗುತ್ತದೆ. ಅದನ್ನೇ ಕೊಳ್ಳುವುದೆಂದು ನಿರ್ಧರಿಸಿ, ಅವ್ವನ ಫೋಟೋವನ್ನು ಮೆತ್ತನೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಕಂಪ್ಯೂಟರ್ ಅಂಗಡಿಗೆ ಹೋದೆ. ಪರೀಕ್ಷೆ ಮಾಡದೆ ಪಾಸು ಮಾಡುವ ರೂಢಿ ನನಗಿಲ್ಲ.

ಅಂಗಡಿಯನ್ನು ನಡೆಸುವವಳು ನನ್ನ ಹಳೆಯ ವಿದ್ಯಾರ್ಥಿನಿ. ಒಂಬತ್ತನೆಯ ತರಗತಿಯಲ್ಲಿ ತಾನು ಬರೆದ ಪ್ರಬಂಧ ನನ್ನ ಕೈಯಿಂದ ಹಿಂದಿರುಗಿದಾಗ ಎಷ್ಟು ಕೆಂಪಾಗಿತ್ತೆಂಬುದನ್ನು ಅವಳು ಮರೆತಿರಲಿಲ್ಲ. ಎರಡು ಯಂತ್ರಗಳನ್ನು ಮೇಜಿನ ಮೇಲಿಟ್ಟಳು.

"ಇದು ಸಾದಾ ಐತ್ರಿ ಟೀಚರ್. ಇಟ್ಟದ್ದನ್ನ ಇದ್ದಂಗ ತೋರಸತೈತಿ, ಅಷ್ಟ. ಇದಕ್ಕರ ನಿಮ್ಮಂಥ ಬುದ್ಧಿ. ತಪ್ಪು ಕಂಡ್ರ ಸುಮ್ನಿರಂಗಿಲ್ಲ. ತಾನ ತಿದ್ದತೈತಿ."

"ಬೈಯತೈತೇನು?"

"ಅದೊಂದು ಇಲ್ರಿ," ಎಂದು ನಕ್ಕಳು.

ಗೋಡೆಯಷ್ಟು ದೊಡ್ಡದು ಮಾಡಿಸಬೇಕಾದರೆ ಸೂಕ್ಷ್ಮವಾಗಿಯೇ ಸ್ಕ್ಯಾನ್ ಮಾಡಬೇಕು, ಅಂಗುಲಕ್ಕೆ ಆರುನೂರು ಚುಕ್ಕೆಗಳಾದರೂ ಇರಬೇಕು ಎಂದಳು. ಮಾಡಿದಳು. ತೆರೆಯ ಮೇಲೆ ಅವ್ವ ಮೂಡಿದಳು. ಅವಳ ಎರಡೂ ಕಣ್ಣುಗಳ ಸುತ್ತ, ಹುಬ್ಬಿನ ಕೆಳಗಿನಿಂದ ಕೆನ್ನೆಯ ಏರಿನವರೆಗೆ, ನೂಲಿನೆಳೆಯಂಥ ಗೆರೆ ಕಾಣಿಸಿತು. ಗೆರೆಯ ಒಂದು ಬದಿಗೆ ಸಣ್ಣ ನೆರಳೂ ಇತ್ತು.

"ಕಣ್ಣಿನ ಸುತ್ತ ಏನೋ ಗೆರಿ ಬಂದೈತಲ್ರಿ. ಹರದಿತ್ತೇನ್ರಿ ಫೋಟೋ? ಇರಲಿ ಬಿಡ್ರಿ, ಇದನ್ನ ಒತ್ತಿದ್ರ ಹೋಗತೈತಿ."

ಒತ್ತಿದಳು. ಹೋಯಿತು.

"ಈಗ ನೋಡ್ರಿ ಎಷ್ಟು ಚೊಲೊ ಕಾಣತಾವು," ಎಂದು ಅವಳು ಒಮ್ಮೆ ತೆರೆಯನ್ನೂ ಒಮ್ಮೆ ನನ್ನನ್ನೂ ನೋಡಿದಳು. "ನಿಮ್ಮ ಕಣ್ಣು ಇದ್ದಂಗ ಅದಾವು, ಟೀಚರ್."

ಯೋಚಿಸಿ ಹೇಳುತ್ತೇನೆಂದು ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬರಿಗೈಯಲ್ಲಿ ಮನೆಗೆ ಬಂದೆ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಫೋಟೋದಲ್ಲಿರುವ ಕಣ್ಣುಗಳು ನನ್ನವೇ.

ಇದನ್ನು ವಿವರಿಸಬೇಕಾದರೆ ನಿಮ್ಮನ್ನು ಎಂಬತ್ತರ ದಶಕದ ಮೊದಲ ವರ್ಷಗಳಿಗೆ, ಗುರುಗುಂಟಾಕ್ಕೆ ಕರೆದುಕೊಂಡು ಹೋಗಬೇಕು. ಅಪ್ಪ ಅಲ್ಲಿಯ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಮನೆಯ ಮುಂದೆ ಯಾವಾಗಲೂ ಯಾರದೋ ಎಮ್ಮೆ, ಯಾರದೋ ಕುರಿ ನಿಂತಿರುತ್ತಿತ್ತು. ಬಾಯಿಲ್ಲದ ಜೀವಗಳಿಗೆ ಏನಾಗಿದೆಯೆಂದು ಅವುಗಳ ಕಣ್ಣು ನೋಡಿಯೇ ಹೇಳಬೇಕಾದ ಕೆಲಸ ಅಪ್ಪನದು. ಅವ್ವನನ್ನೂ ಅವನು ಹಾಗೆಯೇ ನೋಡುತ್ತಿದ್ದ. ಅವ್ವನ ಎಡಗಣ್ಣು ದಿನವೆಲ್ಲ ನೆಟ್ಟಗಿರುತ್ತಿತ್ತು. ಸಂಜೆಯ ಹೊತ್ತಿಗೆ, ಮೈ ದಣಿದಾಗ, ಒಂದು ಗೋಧಿಕಾಳಿನಷ್ಟು ಮೂಗಿನ ಕಡೆಗೆ ಜಾರುತ್ತಿತ್ತು. ಅದನ್ನು ಕಂಡ ಕೂಡಲೇ ಅಪ್ಪ ಹೇಳುತ್ತಿದ್ದುದು ಒಂದೇ ಮಾತು:

"ಕುಂದ್ರು ಸ್ವಲ್ಪ. ಕಣ್ಣು ಹೇಳಾಕತ್ತೈತಿ."

"ನಿಮ್ಮ ಎಮ್ಮಿ ನೋಡಿದಂಗ ನನ್ನ ನೋಡಬ್ಯಾಡ್ರಿ," ಎನ್ನುತ್ತಲೇ ಅವ್ವ ಕೂರುತ್ತಿದ್ದಳು.

ಮನೆಯೊಳಗೆ ಅದು ಇಷ್ಟು ಹಗುರವಾಗಿತ್ತು. ಹೊಸಿಲು ದಾಟಿದರೆ ಅವ್ವನ ಸೆರಗು ಎಡಗಡೆಗೆ ಇಳಿದುಬಿಡುತ್ತಿತ್ತು. ಪರಿಚಯವಿಲ್ಲದವರ ಮುಂದೆ ಅವಳು ನೆಲ ನೋಡಿ ಮಾತನಾಡುತ್ತಿದ್ದಳು. ಫೋಟೋದವರು ಬಂದರೆಂದರೆ ಅವಳಿಗೆ ಅಡುಗೆಮನೆಯಲ್ಲಿ ಏನೋ ನೆನಪಾಗುತ್ತಿತ್ತು. ನೆಂಟರ ಮದುವೆಯದೊಂದು ಗುಂಪುಚಿತ್ರ ಈಗಲೂ ನನ್ನ ಬಳಿಯಿದೆ. ಅದರಲ್ಲಿ ಎಲ್ಲರ ಮುಖವೂ ಇದೆ, ಅವ್ವನ ಜಾಗದಲ್ಲಿ ಒಂದು ಸೆರಗಿದೆ. ಹೀಗಾಗಿ ಅವಳು ಬದುಕಿದ್ದಾಗಿನ, ಮುಖ ಕಾಣುವ ಫೋಟೋ ಒಂದೂ ಇಲ್ಲ.

ನೀಲಾ ಹುಟ್ಟಿದ ಐದನೆಯ ತಿಂಗಳಿಗೆ ಅವ್ವನಿಗೆ ಜ್ವರ ಬಂತು. ಒಂಬತ್ತು ದಿನ ಇತ್ತು. ಹತ್ತನೆಯ ದಿನ ಬೆಳಿಗ್ಗೆ ಅಪ್ಪ ಲಿಂಗಸುಗೂರಿನ ಬಸ್ಸಿಗೆ ಒಬ್ಬರನ್ನು ಹತ್ತಿಸಿ, ಫೋಟೋದವರನ್ನು ಕರೆತರಲು ಹೇಳಿ ಕಳಿಸಿದ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ, ತಲೆ ವಾಲದಂತೆ ಬಟ್ಟೆಯಿಂದ ಹಿಂದಿನ ಗೂಟಕ್ಕೆ ಕಟ್ಟುತ್ತಾರೆ. ಅವ್ವನಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹಣೆಗೆ ಕುಂಕುಮ ಇಟ್ಟಿದ್ದರು. ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳದ ಎಷ್ಟೋ ಜನರ ಮೊದಲ ಮತ್ತು ಕೊನೆಯ ಫೋಟೋ ಆಗ ಹೀಗೆಯೇ ಆಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮಹಬೂಬಸಾಬರು ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಬಂದರು. ಪಡಸಾಲೆಯಲ್ಲಿ ಬೆಳಕು ಸಾಲದು ಎಂದರು. ಗೋಡೆಯ ಕನ್ನಡಿಯನ್ನು ಇಳಿಸಿ, ಅಂಗಳದ ಬಿಸಿಲಿನಲ್ಲಿ ಹಿಡಿದು, ಅವ್ವನ ಮುಖಕ್ಕೆ ಬೆಳಕು ಬೀಳುವಂತೆ ತಿರುಗಿಸಬೇಕೆಂದು ಹೇಳಿ ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. ನನಗಾಗ ಹನ್ನೆರಡು ವರ್ಷ. ಅಲುಗಾಡಿಸದೆ ಹಿಡಿದೆ. ಬೆಳಕು ಗೋಡೆಯ ಮೇಲೆ ತೆವಳಿ, ಹಾರದ ಮೇಲೆ ಏರಿ, ನೇರವಾಗಿ ಅವಳ ರೆಪ್ಪೆಗಳ ಮೇಲೆ ಬಿತ್ತು. ಅವ್ವ ಮುಖ ಕಿವುಚಲಿಲ್ಲ. ಬೆಳಗಿನಿಂದ ಎಲ್ಲರೂ ಅಳುತ್ತಿದ್ದುದು ಏಕೆಂದು ನನಗೆ ನಿಜವಾಗಿ ತಿಳಿದದ್ದು ಆಗ.

ತಿಂಗಳಾದ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಲಿಂಗಸುಗೂರಿಗೆ ಹೋದ. ಏತಕ್ಕೆಂದು ಹೇಳಿರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಹಬೂಬಸಾಬರ ಸ್ಟುಡಿಯೋ ಇತ್ತು. ಪರದೆಯ ಮೇಲೆ ಸರೋವರ, ಹಂಸ, ನಮ್ಮ ಸೀಮೆಯ ಯಾರೂ ಕಂಡಿರದಂಥ ಹಸಿರು ಗುಡ್ಡ. ಒಳಗೆ ಔಷಧದಂಥ ಹುಳಿ ವಾಸನೆ. ಸಾಬರು ಅವ್ವನ ಫೋಟೋವನ್ನು ಮೇಜಿನ ಮೇಲಿಟ್ಟರು. ತಲೆಗೆ ಕಟ್ಟಿದ್ದ ಬಟ್ಟೆಯನ್ನು ಕುಂಚದಿಂದ ಆಗಲೇ ಸೆರಗಾಗಿ ಮಾಡಿದ್ದರು. ಕಣ್ಣು ಮಾತ್ರ ಮುಚ್ಚಿದ್ದವು.

"ಹಿಂಗ ಇಡೂದೇನು, ಕಣ್ಣು ತೆರಸೂದೇನು, ಕಂಪೌಂಡರ್ ಸಾಹೇಬ್ರ?"

"ತೆರಸ್ರಿ."

"ತೆರಸಾಕ ಒಂದು ಜೋಡಿ ಕಣ್ಣು ಬೇಕಲ್ರಿ. ಅವರ ರಕ್ತದವು ಇದ್ರ ಹೊಂದತಾವು."

"ಅದಕ್ಕ ಈಕಿನ ಕರಕೊಂಡು ಬಂದೀನಿ."

ಸಾಬರು ನನ್ನ ಗದ್ದವನ್ನು ಎರಡು ಬೆರಳಿನಿಂದ ಎತ್ತಿ, ಅವ್ವನ ತಲೆ ಎಷ್ಟು ವಾಲಿತ್ತೋ ಅಷ್ಟೇ ವಾಲಿಸಿದರು. "ಬೇಟಿ, ಈ ಕಡೆ ನೋಡು. ನಗಬ್ಯಾಡ. ಅಳಾಕಂತೂ ಬ್ಯಾಡ. ಅತ್ರ ಕಣ್ಣು ಮಂಕಾಗಿ ಬರ್ತಾವು."

ನನ್ನ ಮುಖದ ಫೋಟೋವನ್ನು ಅವ್ವನ ಮುಖದ ಅಳತೆಗೆ ತೊಳೆದು ಮುದ್ರಿಸಿ, ಬ್ಲೇಡಿನಿಂದ ಕಣ್ಣುಗಳನ್ನಷ್ಟೇ ಕತ್ತರಿಸಿ, ಅವ್ವನ ರೆಪ್ಪೆಗಳ ಮೇಲೆ ಅಂಟಿಸಿ, ಅಂಚುಗಳನ್ನು ಬಣ್ಣದಿಂದ ಮರೆಸುವುದು ಅವರ ಪದ್ಧತಿ. ಅದನ್ನು ಅವರು ಟಚಿಂಗ್ ಎನ್ನುತ್ತಿದ್ದರು. ದೀಪ ಆರಿಸುವ ಮೊದಲು ಅಪ್ಪನ ಬಳಿ ಬಂದು ದನಿ ತಗ್ಗಿಸಿದರು:

"ಒಂದು ಮಾತು, ಸಾಹೇಬ್ರ. ಅಕ್ಕಾವ್ರದು ಎಡಗಣ್ಣು ಜರಾ ಒಳಗಿತ್ತಂತ ನಿಮ್ಮೂರಾಗ ಯಾರೋ ಅಂದ್ರು. ಹಂಗ ಕೂಡಸಲೇನು?"

ಅಪ್ಪ ಬಹಳ ಹೊತ್ತು ಆ ಹಂಸಗಳನ್ನು ನೋಡಿದ.

"ಬ್ಯಾಡ್ರಿ. ಜೀವ ಇರೂತನಕ ಅದನ್ನ ಮುಚಿಗೊಂಡು ಅಡ್ಡಾಡಿದ್ಲು. ಈಗರ ನೆಟ್ಟಗ ನೋಡಲಿ."

ಹಿಂದಿರುಗುವ ಬಸ್ಸಿನಲ್ಲಿ ಇಷ್ಟು ಹೇಳಿದ: "ಇದನ್ನ ಯಾರ ಮುಂದೂ ಅನಬ್ಯಾಡ. ನೀಲಾನ ಮುಂದಂತೂ ಬ್ಯಾಡ. ಆ ಕೂಸಿಗೆ ಅವ್ವ ಅಂದ್ರ ಕಣ್ಣು ತೆರದಾಕಿ ಆಗಿರಬೇಕು." ನಾನು ಆಗಲಿ ಎಂದೆ. ಮಾತು ಕೊಡುವುದು ಹನ್ನೆರಡು ವರ್ಷದವರಿಗೆ ಬಹಳ ಸುಲಭ.

ಮರುವರ್ಷ ಅಪ್ಪನಿಗೆ ಸಿಂಧನೂರಿಗೆ ವರ್ಗವಾಯಿತು. ಕಾಲುವೆಯ ನೀರು ಬಂದ ಮೇಲೆ ಈ ಕಡೆ ಭತ್ತದ ಗದ್ದೆಗಳಾಗಿದ್ದವು. ರಾತ್ರಿಯೆಲ್ಲ ಕಪ್ಪೆ ಕೂಗುತ್ತಿದ್ದವು. ಒಣಸೀಮೆಯಲ್ಲಿ ಬೆಳೆದ ನನಗೆ ಬಹಳ ದಿನ ನಿದ್ದೆ ಬರಲಿಲ್ಲ. ಸಂತೆಕಲ್ಲೂರಿನಿಂದ ನಮ್ಮ ಸೋದರತ್ತೆ ಬಂದು ನಮ್ಮೊಡನೆ ಉಳಿದಳು. ಅಪ್ಪ ಅವಳಿಂದಲೂ ಅದೇ ಮಾತು ತೆಗೆದುಕೊಂಡಿದ್ದ. ಹೊಸ ಊರಿನಲ್ಲಿ ಅವ್ವನನ್ನು ಕಂಡವರು ಯಾರೂ ಇರಲಿಲ್ಲ. ಎಲ್ಲರೂ ಕಂಡದ್ದು ಫೋಟೋವನ್ನು. ಬಂದವರು ಅದನ್ನು ನೋಡಿ, ನನ್ನನ್ನು ನೋಡಿ, "ತಾಯಿ ಕಣ್ಣು ದೊಡ್ಡಾಕಿಗೆ ಬಂದಾವು" ಎನ್ನುತ್ತಿದ್ದರು. ಒಪ್ಪಿಕೊಳ್ಳಬೇಕಾದ ಮಾತನ್ನು ಒಪ್ಪಿಕೊಂಡುಬಿಡುತ್ತೇನೆ: ನನಗೆ ಅದು ಹಿತವಾಗಿತ್ತು. ಸುಳ್ಳೆಂದು ಗೊತ್ತಿದ್ದೂ ಹಿತವಾಗಿತ್ತು.

ಆ ಹಿತ ಮೂರು ವರ್ಷ ನಡೆಯಿತು. ನೀಲಾ ಮೂರು ದಾಟಿ ನಾಲ್ಕಕ್ಕೆ ಬೀಳುವಾಗ, ಆಡಿ ದಣಿದು ಬಂದ ಒಂದು ಸಂಜೆ, ಅವಳ ಎಡಗಣ್ಣು ಗೋಧಿಕಾಳಿನಷ್ಟು ಮೂಗಿನ ಕಡೆಗೆ ಜಾರಿತು. ಅಪ್ಪ ಕಂಡ. ಅವನ ಬಾಯಿ ತೆರೆಯಿತು. ಹಳೆಯ ಮಾತು ತುದಿಗೆ ಬಂದಿತ್ತೆಂದು ನಾನು ಬಲ್ಲೆ. ಅವನು ಬಾಯಿ ಮುಚ್ಚಿಕೊಂಡ. ಆ ಮಾತನ್ನು ಅವನು ನೀಲಾಳಿಗೆ ಎಂದೂ ಹೇಳಲಿಲ್ಲ.

ಶಾಲೆಗೆ ಹೋಗುವಷ್ಟರಲ್ಲಿ ಕಣ್ಣು ಬೆಳಗಿನಿಂದಲೇ ಜಾರತೊಡಗಿತ್ತು. ಅಪ್ಪ ಅವಳನ್ನು ರಾಯಚೂರಿಗೆ, ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ದ, ನಾನೂ ಹೋಗಿದ್ದೆ. ವೈದ್ಯರು ದೀಪ ಬಿಟ್ಟು ನೋಡಿ, ಕನ್ನಡಕ ಬರೆದುಕೊಡುತ್ತ, ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದರು. ನೀಲಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಇಲ್ರಿ," ಎಂದ ಅಪ್ಪ. "ಯಾರಿಗೂ ಇದ್ದಿಲ್ಲ."

ಕನ್ನಡಕದಿಂದ ಕಣ್ಣು ಸರಿಯಾಗಲಿಲ್ಲ. "ಯಾರಿಗೂ ಇದ್ದಿಲ್ಲ" ಎಂಬುದು ಮಾತ್ರ ಅವಳಿಗೆ ಬಾಯಿಪಾಠವಾಯಿತು. ತೊಂಬತ್ತರ ದಶಕದ ಆರಂಭದಲ್ಲಿ, ಅವಳಿಗೆ ಎಂಟೋ ಒಂಬತ್ತೋ ಇರುವಾಗ, ಕಾಲೇಜಿನಿಂದ ಬಂದು ಬಾಗಿಲು ತೆರೆದರೆ ನೀಲಾ ಟ್ರಂಕಿನ ಮೇಲೆ ಹತ್ತಿ, ಅವ್ವನ ಫೋಟೋದ ಪಕ್ಕಕ್ಕೆ ಮುಖ ತಂದು, ಕೈಗನ್ನಡಿ ಹಿಡಿದು ನಿಂತಿದ್ದಳು. ಒಮ್ಮೆ ಕನ್ನಡಿಯನ್ನು ನೋಡುವಳು, ಒಮ್ಮೆ ಅವ್ವನನ್ನು.

"ಅಕ್ಕ, ಅವ್ವನ ಕಣ್ಣು ನೆಟ್ಟಗ ಅದಾವು."

"ಹ್ಞೂ."

"ನಿನ್ನವೂ ನೆಟ್ಟಗ ಅದಾವು. ನನ್ನದೊಂದ ಹಿಂಗ್ಯಾಕ? ಸಾಲ್ಯಾಗ ಹುಡುಗ್ಯಾರು ನಿಮ್ಮವ್ವ ನಿನ್ನ ಎಲ್ಲಿಂದ ತಂದಾಳಂತ ಕೇಳ್ತಾರ."

ಅವತ್ತು ಹೇಳಬಹುದಿತ್ತು. ನಾನು ಅವಳನ್ನು ಟ್ರಂಕಿನಿಂದ ಇಳಿಸಿ, ಕನ್ನಡಿಯನ್ನು ಅದರ ಜಾಗದಲ್ಲಿಟ್ಟು, ಮಗ್ಗಿ ಒಪ್ಪಿಸು ಎಂದೆ.

ಅದನ್ನು ಅಪ್ಪನಿಗೆ ಹೇಳಿದಾಗ ಅವನು ಕಟ್ಟೆಯ ಮೇಲೆ ಕುಳಿತು ಸೈಕಲ್ಲಿನ ಸೀಟನ್ನು ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ತಪ್ಪು ಮಾಡಿದ್ನೇನೋ," ಎಂದ.

"ಹಂಗಾದ್ರ ಹೇಳಿಬಿಡು, ಅಪ್ಪ."

"ಹೇಳಿದ್ರ ಆ ಫೋಟೋನೂ ಹೋಗತೈತಿ ಆಕಿ ಪಾಲಿಗೆ. ಇರೂದು ಅದೊಂದ." ಒರೆಸುವ ಬಟ್ಟೆಯನ್ನು ಸೀಟಿನ ಮೇಲೆ ಬಿಟ್ಟು, "ನಿನಗ ಹೇಳಾಕ ಬಂದ್ರ ನೀ ಹೇಳು," ಎಂದ. ಅವನು ನನಗೆ ಬಿಟ್ಟ, ನಾನು ಅವನಿಗೆ ಬಿಟ್ಟೆ. ಆ ದಶಕ ಮುಗಿಯುವ ಮುನ್ನ ಅವನು ಹೋದ. ಸೋದರತ್ತೆ ಅವನಿಗಿಂತ ಮೊದಲೇ ಹೋಗಿದ್ದಳು. ಇದನ್ನು ಬಲ್ಲವಳಾಗಿ ಉಳಿದವಳು ನಾನೊಬ್ಬಳೇ. ಅಷ್ಟರಲ್ಲಿ ನಾನು ಟೀಚರ್ ಆಗಿದ್ದೆ, ಊರಿನ ಮಕ್ಕಳ ತಪ್ಪುಗಳಿಗೆಲ್ಲ ಕೆಂಪು ಗೆರೆ ಎಳೆಯುತ್ತಿದ್ದೆ.

ಅಂಗಡಿಯಿಂದ ಬರಿಗೈಯಲ್ಲಿ ಬಂದ ಮೇಲೆ ಒಂದು ವಾರ ಯಾವ ಯಂತ್ರವನ್ನೂ ತರಲಿಲ್ಲ. ಸುಮ್ಮನೆ ಕೂರಲಾಗದೆ ಫೋಟೋಗಳನ್ನು ವರ್ಷವಾರು ಜೋಡಿಸತೊಡಗಿದೆ. ಎಲ್ಲವನ್ನೂ ಸಾಲಾಗಿ ಮೇಜಿನ ಮೇಲೆ ಹರಡಿದಾಗ ಕಂಡದ್ದನ್ನು ಆಲ್ಬಮ್ಮಿನ ಹಾಳೆ ತಿರುವುವಾಗ ನಾನು ಒಮ್ಮೆಯೂ ಕಂಡಿರಲಿಲ್ಲ. ಶಾಲೆಯ ಗುಂಪಿನಲ್ಲಿ ನೀಲಾ ಎದುರಿನವಳ ಹೆಗಲ ಹಿಂದೆ ಅರ್ಧ ಮುಖ. ನನ್ನ ಮದುವೆಯಲ್ಲಿ ನೆಲ ನೋಡುತ್ತಿದ್ದಾಳೆ. ಬಳಗಾನೂರಿನ ಗೆಳತಿಯ ಮನೆಯಲ್ಲಿ ತೆಗೆದದ್ದರಲ್ಲಿ ಜಡೆಯನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡಿದ್ದಾಳೆ. ಅವಳ ಮದುವೆಯ ಫೋಟೋದಲ್ಲಿ ಸೆರಗು. ಎಡಗಡೆಗೆ ಇಳಿದ ಸೆರಗು, ನಾನು ಎಲ್ಲಿ ಕಂಡರೂ ಗುರುತಿಸುವಂಥದು. ಯಾರೂ ಕಲಿಸಿಕೊಡದಿದ್ದರೂ ಅವಳು ಅದನ್ನು ಅವ್ವನಂತೆಯೇ ಕಲಿತಿದ್ದಳು. ಇಷ್ಟೆಲ್ಲ ಫೋಟೋಗಳಲ್ಲಿ ಒಂದರಲ್ಲೂ ನನ್ನ ತಂಗಿ ನೇರವಾಗಿ ನೋಡುತ್ತಿರಲಿಲ್ಲ.

ಮರುದಿನ ಹೋಗಿ ಸಾದಾ ಯಂತ್ರವನ್ನು ಕೊಡು ಎಂದೆ.

"ಅದು ಏನೂ ತಿದ್ದಂಗಿಲ್ರಿ ಟೀಚರ್," ಎಂದಳು ಅಂಗಡಿಯವಳು.

"ಗೊತ್ತೈತಿ," ಎಂದೆ.

ನೀಲಾ ಭಾನುವಾರ ಬೆಳಗಿನ ಬಸ್ಸಿಗೆ ಬಂದಳು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಡಬ್ಬಿಯಲ್ಲಿ ಪುಂಡಿಪಲ್ಯ. ಚಪ್ಪಲಿ ಬಿಡುತ್ತಲೇ ಯಂತ್ರದ ಮುಂದೆ ನಿಂತು, "ರೊಟ್ಟಿ ಹಂಚಿನಷ್ಟೂ ಇಲ್ಲಲ್ಲ ಇದು," ಎಂದಳು. ಫೋಟೋವನ್ನು ಗಾಜಿನ ಮೇಲೆ ಬೋರಲಾಗಿಟ್ಟು ಮುಚ್ಚಳ ಹಾಕಿದೆ. ಸಂದಿನಲ್ಲಿ ಬೆಳಕು ಹರಿಯಿತು. ಬಹಳ ವರ್ಷಗಳ ಹಿಂದೆ ನನ್ನ ಕೈಯಲ್ಲಿದ್ದ ಕನ್ನಡಿಯ ಬೆಳಕೂ ಅವ್ವನ ಮುಖದ ಮೇಲೆ ಇಷ್ಟೇ ನಿಧಾನವಾಗಿ ತೆವಳಿತ್ತು.

ತೆರೆಯನ್ನು ನೋಡಿ ನೀಲಾ ಹುಬ್ಬು ಗಂಟಿಕ್ಕಿದಳು. "ಕಣ್ಣಿನ ಸುತ್ತ ಗೆರಿ ಬಂದಾವು. ಅಳಸು."

"ಅಳಸಾಕ ಬರಂಗಿಲ್ಲ. ಅಂಟಿಸಿದ್ದು ಅವು."

"ಏನು ಅಂಟಿಸಿದ್ದು?"

"ಕಣ್ಣು."

ಆಮೇಲೆ ಎಲ್ಲವನ್ನೂ ಹೇಳಿದೆ. ಗುರುಗುಂಟಾದ ಗೋಡೆ, ಸಾಬರ ಬ್ಲೇಡು, ಅಪ್ಪ ಹಂಸಗಳನ್ನು ನೋಡುತ್ತ ನಿಂತದ್ದು, ರಾಯಚೂರಿನ ವೈದ್ಯರ ಮುಂದೆ ಆಡಿದ ಮಾತು. ತರಗತಿಯಲ್ಲಿ ಎಷ್ಟೋ ಸಾವಿರ ಗಂಟೆ ಮಾತನಾಡಿದವಳಿಗೆ ಅಂದು ವಾಕ್ಯಗಳು ಕೂಡಲಿಲ್ಲ. ನೀಲಾ ನಿಂತೇ ಕೇಳಿದಳು.

"ಯಾರ ಕಣ್ಣು ಇವು?"

"ನನ್ನವು."

"ಮತ್ತ ಅವ್ವನವು ಹೆಂಗಿದ್ದವು?"

"ನಿನ್ನವು ಇದ್ದಂಗ."

"ಯಾವುದು?"

"ಎಡಗಣ್ಣು."

ಅವಳ ಕೈ ಮೇಲೇರಿ ಎಡಗಣ್ಣಿನ ತನಕ ಹೋಗಿ, ಮುಟ್ಟದೆ ಇಳಿಯಿತು. ದನಿ ಏರಿಸದೆ ಹೇಳಿದಳು: "ಮಕ್ಕಳು ಒಂದು ಒತ್ತು ಬಿಟ್ರ ಹಾಳಿ ತುಂಬ ಗೆರಿ ಎಳದಾಕಿ ನೀ. ಇದಕ್ಕ ಎಲ್ಲಿ ಇಟ್ಟಿದ್ದಿ ಆ ಕೆಂಪು ಶಾಯಿ?"

ಅಪ್ಪನಿಗೆ ಮಾತು ಕೊಟ್ಟಿದ್ದೆ ಎನ್ನಬಹುದಿತ್ತು. ಅದು ಅರ್ಧವಷ್ಟೇ ನಿಜವೆಂದು ನನಗೇ ಗೊತ್ತಿತ್ತು. ಅವಳು ಊಟಕ್ಕೆ ನಿಲ್ಲದೆ ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲಲ್ಲಿ ತಿರುಗದೆಯೇ, "ರೊಟ್ಟಿ ತಿನ್ನು, ಬಿರುಸಾಗತಾವು," ಎಂದು ಹೇಳಿ ಹೋದಳು.

ರೊಟ್ಟಿ ತಿಂದೆ. ನೋಟುಪುಸ್ತಕ ತೆರೆದು, ಅವ್ವನ ಫೋಟೋದ ಎದುರಿಗೆ, ಷರಾ ಅಂಕಣದಲ್ಲಿ "ಮುಖ ಅವ್ವನದು, ಕಣ್ಣು ನನ್ನವು" ಎಂದು ಬರೆದೆ. ನನ್ನ ಜೀವಮಾನದಲ್ಲಿ ಇಷ್ಟು ತಡವಾಗಿ ಮಾಡಿದ ತಿದ್ದುಪಡಿ ಬೇರೊಂದಿಲ್ಲ. ಅದರಿಂದ ಹಗುರವಾದೀತೆಂದುಕೊಂಡಿದ್ದೆ. ಆಗಲಿಲ್ಲ. ಆ ರಾತ್ರಿ ಕಣ್ಣು ಮುಚ್ಚಿ ಅವ್ವನ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದಾಗ ಬಂದದ್ದು ಫೋಟೋದ ಮುಖವೇ. ನಲವತ್ತು ವರ್ಷ ನನ್ನದೇ ಕಣ್ಣುಗಳಿಗೆ ಊದಿನಕಡ್ಡಿ ಹಚ್ಚುತ್ತ ಅವ್ವನ ನೋಟವನ್ನು ನಾನೇ ಕಳೆದುಕೊಂಡಿದ್ದೆ. ನೀಲಾಳಿಂದ ಮುಚ್ಚಿಟ್ಟದ್ದು ನನ್ನಿಂದಲೂ ಮುಚ್ಚಿಹೋಗಿತ್ತು.

ಎಂಟು ದಿನ ಫೋನು ಬರಲಿಲ್ಲ. ಉಳಿದ ಫೋಟೋಗಳನ್ನು ಕ್ರಮವಾಗಿ ಗಾಜಿನ ಮೇಲಿಡುವುದು, ತೆಗೆಯುವುದು, ಹೆಸರು ಬರೆಯುವುದು. ಬೆನ್ನು ನೋಯುವವರೆಗೂ ಅದನ್ನೇ ಮಾಡಿದೆ. ಒಂಬತ್ತನೆಯ ದಿನ ಸಂಜೆ ಮೊಬೈಲು ಒಮ್ಮೆ ಸದ್ದು ಮಾಡಿತು. ನೀಲಾ ಕಳಿಸಿದ ಫೋಟೋ, ಅಂಗಡಿಯಲ್ಲಿ ತಾನೇ ತೆಗೆದುಕೊಂಡದ್ದು. ಹಿಂದೆ ಒಲೆ, ಬುಟ್ಟಿ, ಸಾಲಾಗಿ ಒರಗಿಸಿದ ರೊಟ್ಟಿ. ಹಣೆಯ ಮೇಲೆ ಹಿಟ್ಟಿನ ಗುರುತು. ಸೆರಗು ಹೆಗಲ ಮೇಲಿದೆ, ಜಡೆ ಬೆನ್ನ ಹಿಂದಿದೆ. ಮುಖ ಎತ್ತಿ ನೇರವಾಗಿ ನೋಡುತ್ತಿದ್ದಾಳೆ. ಎಡಗಣ್ಣು ಗೋಧಿಕಾಳಿನಷ್ಟು ಮೂಗಿನ ಕಡೆಗೆ ಜಾರಿದೆ. ಕೆಳಗೆ ಒಂದೇ ಸಾಲು: "ಅವ್ವ ಹಿಂಗಿದ್ಲೇನು?"

ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದೆ. ಗುರುಗುಂಟಾದ ಸಂಜೆಯೊಂದು ಇದ್ದಕ್ಕಿದ್ದಂತೆ ಎದುರಿಗೆ ಬಂದು ನಿಂತಿತು. ಉತ್ತರ ಬರೆಯದೆ ಫೋನು ಮಾಡಿದೆ.

"ಎಷ್ಟೊತ್ತಿನಿಂದ ನಿಂತೀ?" ಎಂದೆ.

"ಮುಂಜಾನಿಂದ. ಯಾಕ?"

"ಕುಂದ್ರು ಸ್ವಲ್ಪ. ಕಣ್ಣು ಹೇಳಾಕತ್ತೈತಿ."

"ಹಂಗಂದ್ರ?"

"ದಿನಾ ಸಂಜಿಕ ಅಪ್ಪ ಅವ್ವಗ ಹಿಂಗ ಅಂತಿದ್ದ."

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ಟೂಲನ್ನು ನೆಲದ ಮೇಲೆ ಎಳೆದುಕೊಂಡದ್ದು ಕೇಳಿಸಿತು.

"ಕುಂತೀನಿ," ಎಂದಳು ನೀಲಾ. "ಇನ್ನ ಹೇಳು."